ಸೌದೆಯ ನೆಪ

ಚಳಿಗಾಲ ಬಂತೆಂದರೆ ಆ ಮನೆಗೆ ಒಮ್ಮೆಲೇ ವಯಸ್ಸಾಗಿಬಿಡುತ್ತಿತ್ತು. ಕದಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದ್ದವು, ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಬೀರುವಿನ ಹಿಂದಿನ ಗೋಡೆ ಬೂಷ್ಟು ಹಿಡಿಯುತ್ತಿತ್ತು. ಇಷ್ಟಕ್ಕೂ ಇದ್ದದ್ದು ಸೊಸೆಯ ಎರಡೇ ಕೈ. ಐವತ್ತೆರಡರ ಹೆಂಗಸನ್ನು ಸೊಸೆ ಅನ್ನುವುದು ತಮಾಷೆಯೇ ಸರಿ, ಆದರೆ ಅತ್ತೆ ಇನ್ನೂ ಗುಂಡುಕಲ್ಲಿನ ಹಾಗೆ ಕುರ್ಚಿಯಲ್ಲಿ ಕೂತಿರುವಾಗ ಬೇರೆ ಏನನ್ನಬೇಕು? ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆಯಬೇಕು, ಕಿಟಕಿಯ ಸಂದಿಗೆ ಹಳೆ ಪೇಪರ್ ತುರುಕಬೇಕು, ಕಂಬಳಿಗಳನ್ನು ಬಿಸಿಲಿಗೆ ಹಾಕಿ ಬಿಸಿಲು ಓಡಿಹೋಗುವ ಮೊದಲೇ ಒಳಗೆ ತರಬೇಕು. ನಲ್ಲಿಗೆ ವಾಷರ್ ಹಾಕಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಗೋಡೆ ಮತ್ತೆ ಬೂಷ್ಟು ಹಿಡಿದಿರುತ್ತಿತ್ತು. ಅವಳಿಗೆ ಸಾಕಾಗಿಹೋಗಿತ್ತು.

ಗಂಡ ಬಸ್ ಓಡಿಸುತ್ತಿದ್ದವನು. ಹನ್ನೆರಡು ವರ್ಷದ ಹಿಂದೆ ಮಂಡಿ ಕೈಕೊಟ್ಟ ಮೇಲೆ ಕಿಟಕಿ ಪಕ್ಕದ ಬೆಂಚೇ ಅವನ ಡ್ರೈವರ್ ಸೀಟು. ಒಳ್ಳೆಯ ಮನುಷ್ಯ. ಒಂದು ಕೆಲಸಕ್ಕೆ ಸಹಾಯ ಮಾಡಲು ಬಂದು ಎರಡು ಕೆಲಸ ಹೆಚ್ಚು ಮಾಡುವಂಥ ಒಳ್ಳೆಯವನು.

ಅವಳದು ಅಂತ ಇದ್ದದ್ದು ದಿನಕ್ಕೆ ಒಂದು ಗಂಟೆ. ಮಧ್ಯಾಹ್ನ ಮೂರಕ್ಕೆ ಹಗ್ಗ ಹೆಗಲಿಗೆ ಹಾಕಿಕೊಂಡು ಹಿತ್ತಲಾಚೆಯ ಕಾಡಿಗೆ ಹೋಗುತ್ತಿದ್ದಳು. ಎಲೆ ಉದುರಿಸಿ ನಿಂತ ಮರಗಳು, ಕಾಲಡಿಯ ಗರಿಗರಿ ತರಗು, ಎಲ್ಲೋ ಒಂದು ಮರಕುಟಿಗ. ಅಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಮುಕ್ಕಾಲು ಗಂಟೆ ಸುಮ್ಮನೆ ನಡೆದು, ಕೊನೆಯಲ್ಲಿ ಗಡಿಬಿಡಿಯಿಂದ ಒಂದು ಹೊರೆ ಪುಳ್ಳೆ ಆರಿಸಿ ತರುತ್ತಿದ್ದಳು. ಹಾಗೇಕೆಂದರೆ, ಹನ್ನೊಂದು ವರ್ಷದ ಹಿಂದೆ ಅವಳು "ಸ್ವಲ್ಪ ಓಡಾಡ್ಕೊಂಡು ಬರ್ತೀನಿ" ಅಂದಾಗ ಅತ್ತೆ ಮೂಗು ಮುರಿದು, "ಇಷ್ಟು ಕೆಲಸ ಬಿದ್ದಿರುವಾಗ ಕಾಡಲ್ಲಿ ಏನಿದೆಯಮ್ಮ ನಿಂಗೆ?" ಅಂದಿದ್ದರು. "ಸೌದೆ" ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು. ಕೆಲಸ ಅಂದರೆ ಆ ಮನೆಯಲ್ಲಿ ಯಾರೂ ತಡೆಯುವುದಿಲ್ಲ.

ಈ ವರ್ಷ ತಂಗಿಯ ಮನೆಯಲ್ಲಿ ಎರಡು ದಿನವಿದ್ದು ಬಂದಳು. ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ತಗಡಿನ ಚಾವಣಿಯ ಕೆಳಗೆ, ನೆಲದಿಂದ ತಗಡು ಮುಟ್ಟುವವರೆಗೆ, ಸೀಳಿದ ಸೌದೆ ಒಪ್ಪವಾಗಿ ಒಟ್ಟಿತ್ತು. ಪಕ್ಕದಲ್ಲಿ ಗಂಡ, ಬೆರಳಿಗೆಲ್ಲ ಪಟ್ಟಿ, ಮುಖದ ತುಂಬ ನಗು.

"ಡಿಪೋ ಗೆಳೆಯ ಲಾರೀಲಿ ತಂದು ಸುರಿದ. ಒಟ್ಟಿದ್ದು ಮಾತ್ರ ನಾನೇ. ಮೂರು ಚಳಿಗಾಲಕ್ಕೆ ಚಿಂತೆ ಇಲ್ಲ. ನೀನಿನ್ನು ಕಾಡಿಗೆ ಹೋಗೋ ಹಾಗೇ ಇಲ್ಲ!"

ಮೂರು ಚಳಿಗಾಲ! ಅವಳು ಒಳಗೆ ಹೋಗಿ ಗೋಡೆ ಒರೆಸತೊಡಗಿದಳು. ಮೂರು ಹೊಡೆಯಿತು. ಒರೆಸುತ್ತಲೇ ಇದ್ದಳು. ಮೂರೂಕಾಲಾದಾಗ ಬಟ್ಟೆಯನ್ನು ಬಕೆಟ್ಟಿಗೆಸೆದು, ಗಂಡ, ಅತ್ತೆ ಇಬ್ಬರೂ ಕೂತಿದ್ದ ನಡುಮನೆಗೆ ಬಂದಳು.

"ನಾನು ಸೌದೆಗೆ ಅಂತ ಯಾವತ್ತೂ ಹೋಗಿಲ್ಲ," ಅಂದಳು. "ನಡೆಯೋಕೆ ಹೋಗ್ತಿದ್ದೆ. ಅದೊಂದು ಗಂಟೆ ಇಲ್ದಿದ್ರೆ ನಂಗೆ ಈ ಮನೇಲಿ ಉಸಿರು ಕಟ್ಟುತ್ತೆ."

ಗಂಡನ ನಗು ಮಾಯವಾಯಿತು. ಪಟ್ಟಿ ಸುತ್ತಿದ ಕೈಗಳನ್ನು ನೋಡಿಕೊಂಡ.

"ಅಲ್ವೇ," ಅಂದ, "ನೀನು ಹೊರೆ ಹೊತ್ಕೊಂಡು ಬರೋದನ್ನ ದಿನಾ ನೋಡಿ ನೋಡಿ, ನನ್ನ ಮಂಡಿಗೆ ಶಾಪ ಹಾಕ್ಕೊಂಡು ಕೂತಿರ್ತಿದ್ದೆನಲ್ಲೇ. ಹನ್ನೊಂದು ವರ್ಷ."

ಅವಳಿಗೆ ಇದು ಹೊಳೆದೇ ಇರಲಿಲ್ಲ. ದಣಿದವಳು ತಾನೊಬ್ಬಳೇ ಅಂದುಕೊಂಡಿದ್ದಳು. ಅವನ ಮೇಲೆ ಕನಿಕರ ಬಂತು, ಜೊತೆಗೇ ಸಿಟ್ಟೂ ಬಂತು. ಇಷ್ಟು ವರ್ಷ ನೋಡುತ್ತ ಕೂತವನು ಒಂದು ಮಾತು ಕೇಳಬಾರದಿತ್ತೇ?

ಅತ್ತೆ ಕುರ್ಚಿಯಲ್ಲಿ ಮಿಸುಕಾಡಿದರು. "ಹಾಗಾದ್ರೆ ಇವಳು ಸುಮ್ನೆ ಸುತ್ತೋಕೆ ಹೋಗ್ತಿದ್ಲಾ?"

"ಹೂಂ ಅಮ್ಮ. ಸುಮ್ನೆ ಹೋಗ್ತಾಳೆ," ಅಂದ ಗಂಡ. "ಈಗಲೂ ಹೋಗ್ತಾಳೆ."

ಅವಳು ಶಾಲು ಹೊದ್ದು ಹಿತ್ತಲ ಬಾಗಿಲವರೆಗೆ ಹೋಗಿ ಗಂಡನತ್ತ ತಿರುಗಿದಳು.

"ಅವತ್ತೇ ನಿಜ ಹೇಳಿದ್ದಿದ್ರೆ ಹೀಗೇ ಅಂತಿದ್ರಾ?"

ಅವನು ಹೂಂ ಅಂದುಬಿಡಬಹುದಿತ್ತು, ಅವಳೂ ನಂಬಿಬಿಡುತ್ತಿದ್ದಳು. ಅವನು ಯೋಚಿಸಿದ.

"ಇಲ್ಲ ಅನ್ಸುತ್ತೆ," ಅಂದ.

ಅವಳು ತಲೆಯಾಡಿಸಿದಳು. ಉಬ್ಬಿಕೊಂಡಿದ್ದ ಕದವನ್ನು ಹೆಗಲಿನಿಂದ ತಳ್ಳಿ ಹೊರಗೆ ಹೋದಳು.