ಮೇಘಶ್ರೀ ಬರೆದ ಚೊಂಬು

೧೯೯೭ರಲ್ಲಿ ನಾನು ಹಾಸನದ ಒಂದು ಚಿತ್ರಕಲಾ ಶಾಲೆಯಲ್ಲಿ ಮೇಷ್ಟ್ರು. ಕ್ಯೂಬಿಸಂ ಹುಚ್ಚು ತಲೆಗೇರಿದ್ದ ಕಾಲ. ಮೇಜಿನ ಮೇಲೆ ಹಿತ್ತಾಳೆ ಚೊಂಬು, ನಿಂಬೆಹಣ್ಣು, ಈಳಿಗೆಮಣೆ ಇಟ್ಟು, "ನಾಲ್ಕು ಕಡೆಯಿಂದ ನೋಡಿ, ಒಡೆದು, ಒಂದೇ ಹಾಳೆಯಲ್ಲಿ ಕೂಡಿಸಿ" ಎಂದರೆ ಶಿಷ್ಯರು ಪಾತ್ರೆ ಅಂಗಡಿಯ ಬೋರ್ಡು ಬರೆದು ತರುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ನುಗ್ಗೇಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಘಶ್ರೀಯ ಚಿತ್ರವೇ ಬೇರೆ. ಅದರಲ್ಲಿ ಚೊಂಬಿಗೆ ಎರಡು ಬಾಯಿ. ಮೇಜಿನ ಅಂಚು ನಡುವೆ ಮುರಿದು ಮೇಲಕ್ಕೆ ಜಾರಿತ್ತು. ಹಿತ್ತಾಳೆಯ ಹಳದಿ ಬೂದಿಗೆ ತಿರುಗಿತ್ತು. ಎಡಗಡೆ ಬರೀ ಕಪ್ಪು. ಅದನ್ನು ಎತ್ತಿ ಹಿಡಿದು ಇಡೀ ತರಗತಿಗೆ ವಿವರಿಸಿದೆ.

"ಆಕಾರ ಒಡೆದಿದೆ, ಬಣ್ಣ ಇಂಗಿದೆ, ಈ ಕಪ್ಪಿನೊಳಗೆ ಏನೋ ಕಾದು ಕೂತಿದೆ. ನೋಡಿ ಕಲೀರಿ!"

ತರಗತಿ ಮುಗಿದ ಮೇಲೆ ಅವಳು ಮೆಲ್ಲಗೆ ಬಂದಳು. "ಸಾ, ನಾನೇನೂ ಒಡೀಲಿಲ್ಲ. ನಂಗೆ ಅಂಗೇ ಕಾಣ್ತದೆ. ತಲೆನೂ ನೋಯ್ತದೆ. ಅಪ್ಪ ಕಣ್ಣಿನ ಡಾಕ್ಟ್ರತ್ರ ಓಗಾನ ಅಂತವ್ರೆ."

"ಹುಚ್ಚು ಹುಡುಗಿ! ಕಲಾವಿದರಿಗೆ ಹಾಗೇ ಕಾಣೋದು. ಇದೇನು ಕಾಯಿಲೆಯಾ? ಮೈಸೂರಿನ ಚಿತ್ರಸ್ಪರ್ಧೆಗೆ ನಿನ್ನನ್ನ ಕಳಿಸ್ತೀನಿ, ಅದು ಮುಗೀಲಿ, ಆಮೇಲೆ ನೋಡೋಣ."

ಅವಳ ಮುಖ ಅರಳಿತು. ಅಲ್ಲಿಂದ ಮುಂದೆ ವಾರವಾರಕ್ಕೂ ಅವಳ ಚಿತ್ರದ ಎಡಗಡೆಯ ಆ ಕಪ್ಪು, ಹಾಳೆಯ ನಡುವಿನತ್ತ ಸರಿಯುತ್ತಾ ಬಂತು. ಒಮ್ಮೆ ಅವಳು ಕುಂಚವನ್ನು ನೀರಿನ ಡಬ್ಬಿಯ ಪಕ್ಕದ ಗಾಳಿಯಲ್ಲಿ ಅದ್ದುವುದನ್ನು ಕಂಡೆ. ಇವಳ ಕಣ್ಣಿಗೇ ಏನೋ ಆಗಿದೆ ಎಂಬ ಅನುಮಾನ ಹೊಳೆಯಿತು. ಆದರೂ ಬಹುಮಾನದ ಆಸೆ ನನ್ನ ಬಾಯಿ ಕಟ್ಟಿತು.

ಬಹುಮಾನ ಬಂತು. ಅವಳು ಮಾತ್ರ ಶಾಲೆಗೆ ಬರಲಿಲ್ಲ. ಹದಿನೈದು ದಿನದ ಮೇಲೆ ಅವಳ ಅಪ್ಪ ಕೃಷ್ಣಪ್ಪ ಬಂದು ಬಾಗಿಲಲ್ಲೇ ನಿಂತರು.

"ತಲೆಯೊಳಗೆ ಗೆಡ್ಡೆ ಅಂತೆ ಸಾ. ಮುಂಚೇನೇ ಬಂದಿದ್ರೆ ಕಣ್ಣು ಉಳೀತಿತ್ತಂತೆ. ಈಗ ಆಪ್ರೇಸನ್ ಮಾಡ್ದಿದ್ರೆ ಜೀವಾನೇ ಉಳಿಯಾಕಿಲ್ವಂತೆ. ಇವ್ಳು ಒಪ್ಪಾಕಿಲ್ಲ. ಇದು ಕಾಯ್ಲೆ ಅಲ್ಲ, ನಮ್ ಮೇಷ್ಟ್ರು ಏಳವ್ರೆ ಅಂತಾಳೆ. ನೀವೇ ಬಂದು ಒಂದ್ ಮಾತು ಏಳಿ ಸಾ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನಿಂತು ಹೇಳಿದೆ: "ನಾನು ಹೇಳಿದ್ದು ತಪ್ಪು ಕಣಮ್ಮ. ಅದು ಕಾಯಿಲೆ."

ನನ್ನ ದನಿ ಬಂದ ಕಡೆಗೆ ಅವಳು ಮುಖ ತಿರುಗಿಸಿದಳು. "ಆಗ್ಲೇ ಗೊತ್ತಿತ್ತಾ ಸಾ?"

ಸುಳ್ಳು ಹೇಳಬಹುದಿತ್ತು. "ಅನುಮಾನ ಇತ್ತು," ಎಂದೆ.

ಅವಳು ಪಕ್ಕದಲ್ಲಿದ್ದ ಅಪ್ಪನ ಕೈ ತಡಕಿ ಹಿಡಿದುಕೊಂಡಳು.

"ಆಪ್ರೇಸನ್‌ಗೆ ಹೂಂ ಅನ್ನಪ್ಪ. ಇವ್ರನ್ನ ಕಳ್ಸು."