ಶುಕ್ರವಾರದ ಪಾಸ್ತಾ

ಓರ್ನೆಲ್ಲಾಳ ಮೇಲೆ ನನಗೆ ಮೊದಲ ದಿನದಿಂದಲೇ ಅನುಮಾನ. ಮರ್ಸರ್ ಐಲ್ಯಾಂಡಿನ ತನ್ನ ಮನೆಯಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಇಟಲಿಯ ಹಾಡು, ಆಟ, ಮನೆಯ ರೀತಿನೀತಿ ಕಲಿಸುವ ಹೆಂಗಸು. ಕಲಿಸಲಿ. ಆದರೆ ಕ್ಲಾಸು ಮುಗಿದ ಮೇಲೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ ಏನೋ ತಿನ್ನಿಸುತ್ತಾಳಲ್ಲ, ಅದೇನು? ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಎಂಟು ವರ್ಷದ ಮಗಳು ಶರ್ವಾಣಿಗೆ ನಾನೇ ಚಪಾತಿ ಡಬ್ಬಿ ಕಟ್ಟುತ್ತಿದ್ದೆ. ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು, ಮಗಳ ಬಾಯಿಂದ ಮಾತ್ರ ಬೆಳ್ಳುಳ್ಳಿ ವಾಸನೆ.

"ನಿಂಗೆ ಹಗ್ಗ ಕಂಡ್ರೂ ಹಾವೇ," ಎಂದ ನನ್ನ ಗಂಡ ಸುಮುಖ್.

ಪ್ರತಿ ಶುಕ್ರವಾರ ಸಂಜೆ ನಾನು ಪಾಸ್ತಾ ಮಾಡಿ, ಮೇಲೆ ಪಾರ್ಮೆಸಾನ್ ಚೀಸ್ ತುರಿದು ಹಾಕುತ್ತೇನೆ. ಅದಕ್ಕೆ ಪ್ರಾಣ ಬಿಡುತ್ತಿದ್ದ ಹುಡುಗಿ ಮೂರು ವಾರದಿಂದ "ನೋ ಚೀಸ್, ಅಮ್ಮಾ" ಎನ್ನತೊಡಗಿದಳು. ಕಾರಣ ಕೇಳಿದರೆ ತಟ್ಟೆ ನೋಡುತ್ತಾಳೆ. ಅಲ್ಲಿಯ ರುಚಿ ಹತ್ತಿದೆ, ನನ್ನ ಕೈಯಡುಗೆ ಸಪ್ಪೆಯಾಗಿದೆ ಎಂದುಕೊಂಡೆ. ಹೊಟ್ಟೆ ಉರಿಯಿತು. ಸಾಲದ್ದಕ್ಕೆ ಫ್ರಿಜ್ಜಿನಲ್ಲಿಟ್ಟ ಚೀಸ್ ವಾರವಾರವೂ ಮಾಯ. ಸುಮುಖನ ಮೇಲೂ ಒಂದು ಕಣ್ಣಿಟ್ಟು, ಪ್ರತಿ ಸಲ ಹೊಸದು ತಂದಿಟ್ಟೆ. ಈ ಶನಿವಾರ ಓರ್ನೆಲ್ಲಾ ಸಿಕ್ಕಿಬಿದ್ದರೆ ಅಂದೇ ಕ್ಲಾಸು ಬಿಡಿಸುವುದು ಎಂದು ತೀರ್ಮಾನಿಸಿದೆ.

ಮಗಳನ್ನು ಕರೆತರುವ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ, ತೆರೆದಿದ್ದ ಬಾಗಿಲಿನಿಂದ ಬೆಲ್ ಒತ್ತದೆ ನುಗ್ಗಿದೆ. ಮೇಜಿನ ನಡುವೆ ಬೆಳ್ಳುಳ್ಳಿ, ಟೊಮ್ಯಾಟೊ ಉಜ್ಜಿದ ಬ್ರೆಡ್ಡು. ಪಕ್ಕದಲ್ಲೇ ತುಂಡು ಮಾಡಿದ ನನ್ನ ಚಪಾತಿ. ಆರು ಮಕ್ಕಳೂ ಎರಡನ್ನೂ ಹಂಚಿಕೊಂಡು ತಿನ್ನುತ್ತಿದ್ದರು. ಡಬ್ಬಿ ಮುಚ್ಚಿಕೊಂಡು ಒಬ್ಬರೇ ತಿನ್ನುವುದು ತನ್ನ ಮೇಜಿನಲ್ಲಿ ಇಲ್ಲ ಎಂದಳು ಓರ್ನೆಲ್ಲಾ, ನಗುತ್ತಾ.

ನಾನು ನಗಲಿಲ್ಲ. ಮೂಲೆಯಲ್ಲಿದ್ದ ಚೀಸ್ ಗಡ್ಡೆ ತೋರಿಸಿ, ಇದನ್ನೂ ನನ್ನ ಮಗಳಿಗೆ ಕೊಟ್ಟಿರಾ ಎಂದು ಕೇಳಿದೆ.

ಅವಳು ಗಾಬರಿಯಾದಳು. ಇಲ್ಲವೇ ಇಲ್ಲ, ಅದು ಪಾರ್ಮೆಸಾನ್, ಅದರ ಹಾಲಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು, ನೀವು ಸಸ್ಯಾಹಾರಿಗಳಲ್ಲವೇ, ಮೂರು ವಾರದ ಹಿಂದೆಯೇ ಶರ್ವಾಣಿಗೆ ಹೇಳಿದ್ದೇನೆ ಎಂದಳು.

ಕರು. ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ವರ್ಷಗಟ್ಟಲೆ ನಾನು ತುರಿದದ್ದು ಅದನ್ನು. ಓರ್ನೆಲ್ಲಾಳ ಮುಖ ನೋಡಲು ನಾಚಿಕೆಯಾಯಿತು.

ಕಾರಿನಲ್ಲಿ ಕೇಳಿದೆ: "ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ, ಪುಟ್ಟಿ?"

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಂದು ಕನ್ನಡ ಹುಡುಕಿ ಹುಡುಕಿ ಹೇಳಿದಳು.

"ನೀನು ಅಳ್ತೀಯ ಅಂತ. ಅದಕ್ಕೇ ಚೀಸ್ ತೆಗೆದು ಎಸೀತಿದ್ದೆ. ನೀನು ಮತ್ತೆ ಮತ್ತೆ ತರ್ತಿದ್ದೆ."