ಕಿವಿಯ ಮೇಲಿನ ಹೂವು

ನಾನು ಅಳಿಲಿನ ಬಾಲದ ಕೂದಲಿನಿಂದ ಹುಟ್ಟಿದ ಒಂದು ಕುಂಚ. ಗೇಣುದ್ದದ ಹಿಡಿಕೆ, ತುದಿಗೊಂದು ಚಿಟಿಕೆ ಕೂದಲು, ಇಷ್ಟೇ ನನ್ನ ಆಸ್ತಿ. ಮೊದಲು ಗದಗಿನ ಬೋರ್ಡ್ ಪೇಂಟರ್ ಒಬ್ಬನ ಕೈಗೆ ಸಿಕ್ಕೆ. ಅವನು ನನ್ನಿಂದ ಗೋಡೆಗಳ ಮೇಲೆ 'ಇಲ್ಲಿ ಉಗುಳಬೇಡಿ' ಎಂದು ಬರೆಸುತ್ತಿದ್ದ. ಜನ ಓದಿಕೊಂಡು ಅಲ್ಲೇ ಉಗುಳುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು, ಪೇಂಟರ್ ಅಂಗಡಿ ಮುಚ್ಚಿ ನನ್ನನ್ನು ಪಕ್ಕದ ಮನೆಯ ನೀಲಗಂಗಕ್ಕನಿಗೆ ಕೊಟ್ಟ.

ನೀಲಗಂಗಕ್ಕ ಊರಿನ ಸಂಜೆ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುವವಳು. ಬೆಳಿಗ್ಗೆ ಎದ್ದು ಪೇಪರುಗಳನ್ನೆಲ್ಲ ಓದಿ, ಒಂದಿಷ್ಟು ಬೈದು, ಆಮೇಲೆ ನನ್ನನ್ನು ಶಾಯಿಗೆ ಅದ್ದುತ್ತಿದ್ದಳು.

ಒಮ್ಮೆ ನಗರಸಭೆಯ ಅಧ್ಯಕ್ಷ ಚನ್ನವೀರಪ್ಪನವರು ಹಬ್ಬದೊಳಗೆ ಮನೆಮನೆಗೆ ನಳದ ನೀರು ಬರುತ್ತದೆಂದು ಭಾಷಣ ಮಾಡಿದರು. ಯಾವ ವರ್ಷದ ಹಬ್ಬವೆಂದು ಹೇಳಲಿಲ್ಲ. ಅಕ್ಕ ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿ, ಕೆಳಗೆ ಖಾಲಿ ಕೊಡ ಹಿಡಿದ ಅಜ್ಜಿಯೊಬ್ಬಳನ್ನು ಬರೆದಳು. ಅವತ್ತು ನಾನು ಶಾಯಿ ಹೆಚ್ಚು ಕುಡಿದಿದ್ದೆನೋ ಏನೋ, ಒಂದು ಹನಿ ಅಜ್ಜಿಯ ಕಿವಿಯ ಮೇಲೆ ಬಿತ್ತು. ಚಿತ್ರ ಕೆಟ್ಟಿತೆಂದು ನನ್ನ ಜೀವ ಹಾರಿತು. ಅಕ್ಕ ನೋಡಿದಳು, ನಕ್ಕಳು, ಆ ಕಲೆಯ ಸುತ್ತ ಎಸಳು ಬಿಡಿಸಿದಳು. ಅಧ್ಯಕ್ಷರು ಜನರ ಕಿವಿಗೆ ಹೂವಿಡುತ್ತಿದ್ದಾರೆ ಎನ್ನಲು ಬೇರೆ ಮಾತೇ ಬೇಕಾಗಲಿಲ್ಲ.

ಅಂದಿನಿಂದ ಹೂವಿಲ್ಲದೆ ಅಜ್ಜಿ ಪತ್ರಿಕೆಗೆ ಬರಲಿಲ್ಲ. ಊರವರು ಅವಳಿಗೆ ಹೂವಿನಜ್ಜಿ ಎಂದು ಹೆಸರಿಟ್ಟರು. ಅಧ್ಯಕ್ಷರಿಗೆ ಮಾತ್ರ ಮೈಯೆಲ್ಲ ಉರಿ. ಅವರ ಮಾತಿಗೆ ಅಂಜಿ ಸಂಪಾದಕರು ಅಕ್ಕನನ್ನು ಕರೆಸಿ, ಅಜ್ಜಿ ಇರಲಿ, ಹೂವು ಬೇಡ, ಮತ್ತೆ ಹೂವು ಕಂಡರೆ ಚಿತ್ರವೇ ನಿಲ್ಲುತ್ತದೆ ಎಂದರು. ಆ ಚಿತ್ರ ಅಕ್ಕನ ಉಸಿರಾಗಿತ್ತು. ಮನೆಗೆ ಬಂದವಳು ಬಹಳ ಹೊತ್ತು ನನ್ನನ್ನು ಮುಟ್ಟಲಿಲ್ಲ. ನನಗೆ ದುಃಖವಾಯಿತು.

ಕೊನೆಗೆ ಅಕ್ಕ ಹೂವಿಲ್ಲದ ಅಜ್ಜಿಯನ್ನೇ ಬರೆದಳು. ಅಜ್ಜಿಯ ಕೈ ಮಾತ್ರ ಬರಿಗಿವಿಯನ್ನು ತಡಕುತ್ತಿತ್ತು. ಕೆಳಗೆ ಒಂದೇ ಸಾಲು: 'ನನ್ನ ಹೂವು ಯಾರು ಒಯ್ದರು?'

ಮರುದಿನ ಹೆಂಗಸರು ಗಂಡಸರೆನ್ನದೆ ಜನ ಕಿವಿಗೆ ಚೆಂಡು ಹೂವು ಸಿಕ್ಕಿಸಿಕೊಂಡು, ಖಾಲಿ ಕೊಡ ಹಿಡಿದು ನಗರಸಭೆಯ ಮುಂದೆ ನಿಂತರು. ಹೂವು ಬೇಡವೆಂದ ಸಂಪಾದಕರೇ ಅವರ ಫೋಟೋವನ್ನು ಮೊದಲ ಪುಟಕ್ಕೆ ಹಾಕಿದರು. ಅಜ್ಜಿಗೆ ಹೂವು ಮರಳಿತು. ನಳಕ್ಕೆ ನೀರೂ ಬಂತು, ವಾರಕ್ಕೊಮ್ಮೆ.

ಮುಂದಿನ ಚುನಾವಣೆಯಲ್ಲಿ ಚನ್ನವೀರಪ್ಪನವರು ಸೋತರು. ಬೇರೆ ಅಧ್ಯಕ್ಷರು ಬಂದರು, ಬೇರೆ ಭಾಷಣ ಬಂತು, ಅಜ್ಜಿಯ ಹೂವು ಬಾಡಲಿಲ್ಲ. ನನ್ನ ಕೂದಲು ಅರ್ಧ ಉದುರಿತು. ಈಗ ಶಾಯಿಯ ಕೆಲಸ ಹೊಸ ಕುಂಚದ್ದು. ನಾನು ಸ್ಟೀಲ್ ಲೋಟದಲ್ಲಿ ನಿಂತು, ಆಗಾಗ ರಬ್ಬರಿನ ಪುಡಿ ಗುಡಿಸಿಕೊಂಡು ಸುಖವಾಗಿದ್ದೇನೆ.

ಮೊನ್ನೆ ಮಧ್ಯಾಹ್ನ ಚನ್ನವೀರಪ್ಪನವರೇ ಮನೆಗೆ ಬಂದರು. ಚಹಾ ಕುಡಿದರು, ಬಿಸಿಲಿನ ಸುದ್ದಿ ಆಡಿದರು, ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಅಕ್ಕಾರ, ನೀವು ನನ್ನ ಚಿತ್ರಾ ತಗಿಯೂದು ಬಿಟ್ಟಮ್ಯಾಲೆ ಊರಾಗ ಯಾರೂ ನನ್ನ ಗುರ್ತಾ ಹಿಡಿಯವಲ್ರು. ಇನ್ನೊಮ್ಮೆ ತಗೀರಿ."

ಅಕ್ಕ ಹೊಸ ಕುಂಚ ಬಿಟ್ಟು ನನ್ನನ್ನೇ ಎತ್ತಿಕೊಂಡಳು. ನನಗಾದ ಸಂತೋಷ ಹೇಳತೀರದು. ವೇದಿಕೆಯ ಮೇಲಲ್ಲ, ನಳದ ಸಾಲಿನಲ್ಲಿ, ಅಜ್ಜಿಯ ಹಿಂದೆ, ಖಾಲಿ ಕೊಡ ಹಿಡಿಸಿ ಅವರನ್ನು ನಿಲ್ಲಿಸಿದಳು. ಕೊನೆಗೆ ಅವರ ಕಿವಿಯ ಮೇಲೆ ಒಂದು ಹನಿ ಬೀಳಿಸಿ ಎಸಳು ಬಿಡಿಸಿದಳು.

"ನನಗೂ ಬಂತೇನ್ರಿ ಇದು?"

"ಈಗ ನೀವೂ ನಮ್ಮೊಳಗ ಒಬ್ಬರಲ್ರೀ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಾಯಿ ಆರುವ ತನಕ ಕಾದು, ಚಿತ್ರವನ್ನು ಜೋಪಾನವಾಗಿ ಎತ್ತಿಕೊಂಡು ಹೊರಟರು. ಒಂದು ಹನಿಯಿಂದ ಶುರುವಾದ ನನ್ನ ಬಾಳು ಇನ್ನೊಂದು ಹನಿಗೆ ತುಂಬಿತು ಅನ್ನಿಸಿತು. ಹೊಸ್ತಿಲು ದಾಟುವಾಗ ನೋಡಿದೆ, ಅವರ ಕೈ ತಾನಾಗಿಯೇ ಕಿವಿಯನ್ನು ತಡಕುತ್ತಿತ್ತು.